ಸಕ್ಕರೆ ಕಾರ್ಖಾನೆಯ ತಂತ್ರಜ್ಞರು: ಕೆಲಸ, ಕಲಿಕೆ, ಏಳಿಗೆ

ದೀಪಾವಳಿಯ ಸುಮಾರಿಗೆ ಚಿಕ್ಕೋಡಿಯಿಂದ ರಾಯಬಾಗದ ಕಡೆಗಾಗಲಿ, ಅಥಣಿಯಿಂದ ಕಾಗವಾಡದ ಕಡೆಗಾಗಲಿ ಪ್ರಯಾಣ ಮಾಡಿದವರಿಗೆ ದಾರಿಯುದ್ದಕ್ಕೂ ಕಬ್ಬಿನ ಹೊರೆ ಹೊತ್ತ ಬಂಡಿಗಳೂ ಟ್ರ್ಯಾಕ್ಟರುಗಳೂ ಎದುರಾಗುತ್ತವೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡು ಬೆಳೆದ ಈ ಕಬ್ಬು ಹೋಗಿ ಸೇರುವುದು ಸಕ್ಕರೆ ಕಾರ್ಖಾನೆಗಳನ್ನು. ಉಗಾರ ಖುರ್ದದ ಕಾರ್ಖಾನೆ 1939ರಲ್ಲಿ ಸ್ಥಾಪಿತವಾಯಿತು. ಅನಂತರದ ದಶಕಗಳಲ್ಲಿ ಈ ಸೀಮೆಯ ಬೇರೆ ಬೇರೆ ಊರುಗಳಲ್ಲಿ ಸಹಕಾರಿ ಕಾರ್ಖಾನೆಗಳೂ ಖಾಸಗಿ ಕಾರ್ಖಾನೆಗಳೂ ಎದ್ದವು. ಕಬ್ಬಿನಿಂದ ಸಕ್ಕರೆ ಹೇಗಾಗುತ್ತದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಪಾಠಗಳಲ್ಲಿ ಓದಿರುತ್ತಾರೆ. ಆದರೆ ಆ ಕಾರ್ಖಾನೆಯೊಳಗೆ ಹಗಲಿರುಳು ಯಂತ್ರಗಳ ನಡುವೆ ದುಡಿಯುವ ತಂತ್ರಜ್ಞರು ಏನನ್ನು ಕಲಿತಿರುತ್ತಾರೆ, ಮುಂದೆ ಹೇಗೆ ಏಳಿಗೆ ಹೊಂದುತ್ತಾರೆ ಎಂಬುದನ್ನು ಕುರಿತು ಆಲೋಚಿಸಿದವರು ಕಡಿಮೆ.

ಈ ಪ್ರಶ್ನೆ ನಮ್ಮ ಮುಂದೆ ಎದ್ದುದು ಒಂದು ಸಂಜೆ. ಹೈಸ್ಕೂಲಿನಲ್ಲಿ ನಮ್ಮೊಡನೆ ಒಂದೇ ಬೆಂಚಿನ ಮೇಲೆ ಕುಳಿತು ಓದಿದ ಮಿತ್ರರೊಬ್ಬರು ಮನೆಗೆ ಬಂದಿದ್ದರು. ನಾವು ಕಾಲೇಜಿನ ದಾರಿ ಹಿಡಿದಾಗ ಅವರು ಐ.ಟಿ.ಐ. ಸೇರಿ ಫಿಟ್ಟರ್ ಕೆಲಸ ಕಲಿತರು. ಬಳಿಕ ಈ ಭಾಗದ ಒಂದು ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಹನ್ನೆರಡು ಹಂಗಾಮು ದುಡಿದರು. ಹಳೆಯ ಬಾಯ್ಲರಿನ ಸದ್ದು ಕೇಳಿಯೇ ಅದರ ಕ್ಷೇಮವನ್ನು ಹೇಳಬಲ್ಲವರೆಂದು ಅವರಿಗೆ ಹೆಸರಿತ್ತು. ಆ ವರ್ಷ ಕಾರ್ಖಾನೆ ಹಳೆಯ ಬಾಯ್ಲರನ್ನು ಕಿತ್ತು, ಹೆಚ್ಚಿನ ಒತ್ತಡದ ಹೊಸ ಬಾಯ್ಲರನ್ನು ನಿಲ್ಲಿಸಿತು. ಕವಾಟಗಳ ಬಳಿ ನಿಲ್ಲುತ್ತಿದ್ದ ನಮ್ಮ ಮಿತ್ರರನ್ನು ಕಂಪ್ಯೂಟರ್ ತೆರೆಗಳಿದ್ದ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದ ಡಿಪ್ಲೊಮಾ ಹುಡುಗನ ಪಕ್ಕದಲ್ಲಿ ಸಹಾಯಕರಾಗಿ ಕೂರಿಸಿದರು.

ಅವರು ಕೇಳಿದ ಪ್ರಶ್ನೆ ಇದು: “ಬಾಯ್ಲರಿನಲ್ಲಿ ನೀರಿನ ಮಟ್ಟ ಏರಿದರೆ ಒಳಗೆ ಬಿಡುವ ನೀರನ್ನು ಕಡಿಮೆ ಮಾಡಬೇಕು, ಇಳಿದರೆ ಹೆಚ್ಚು ಮಾಡಬೇಕು ಎಂದು ಕಲಿತಿದ್ದೇನೆ. ಇಲ್ಲಿ ಒಮ್ಮೊಮ್ಮೆ ಮಟ್ಟ ಏರುತ್ತಿರುವಾಗಲೇ ಯಂತ್ರ ತಾನಾಗಿ ಇನ್ನೂ ಹೆಚ್ಚು ನೀರು ಬಿಡುತ್ತದೆ. ಯಂತ್ರ ತಪ್ಪುತ್ತಿದೆಯೋ, ನಾನು ಹನ್ನೆರಡು ವರ್ಷ ತಪ್ಪು ಕಲಿತೆನೋ?”

ಈ ಒಂದು ಪ್ರಶ್ನೆಯಲ್ಲಿ ತಂತ್ರಜ್ಞನ ಏಳಿಗೆಯ ಸಮಸ್ತ ವಿಷಯವೂ ಅಡಗಿದೆಯೆಂದು ನಮಗೆ ತೋರುತ್ತದೆ. ಉತ್ತರ ಹೇಳುವುದಕ್ಕೆ ಮೊದಲು ಬಾಯ್ಲರ್ ಮನೆಯ ಪರಿಚಯ ಮಾಡಿಕೊಳ್ಳುವುದು ಅವಶ್ಯ.

ಕಾರ್ಖಾನೆಯ ಒಳಗೆ

ನೂರು ಕಿಲೋಗ್ರಾಂ ಕಬ್ಬನ್ನು ನುರಿಸಿದರೆ ಸುಮಾರು ಹತ್ತು ಹನ್ನೊಂದು ಕಿಲೋ ಸಕ್ಕರೆ, ನಾಲ್ಕು ಕಿಲೋಗಳಷ್ಟು ಕಾಕಂಬಿ, ಮೂವತ್ತು ಕಿಲೋಗಳಿಗೆ ಸ್ವಲ್ಪ ಕಡಿಮೆಯಾಗಿ ಸಿಪ್ಪೆ ದೊರೆಯುತ್ತವೆ. ಈ ಸಿಪ್ಪೆಯ ಅರ್ಧ ಭಾಗ ನೀರೇ. ಆದರೂ ಅದನ್ನು ಬಾಯ್ಲರಿನ ಕುಲುಮೆಯಲ್ಲಿ ಉರಿಸಬಹುದು. ಒಂದು ಕಿಲೋ ಒದ್ದೆ ಸಿಪ್ಪೆಯ ಉಷ್ಣಮೌಲ್ಯ ಸುಮಾರು 2,250 ಕಿಲೋಕ್ಯಾಲರಿ. ಹೀಗೆ ಕಬ್ಬು ತನ್ನನ್ನು ಬೇಯಿಸಲು ಬೇಕಾದ ಸೌದೆಯನ್ನು ತಾನೇ ಹೊತ್ತು ತರುತ್ತದೆ.

ಸಿಪ್ಪೆಯ ಉರಿಯಿಂದ ಹುಟ್ಟಿದ ಉಗಿ ಮೊದಲು ಟರ್ಬೈನನ್ನು ತಿರುಗಿಸಿ ವಿದ್ಯುಚ್ಛಕ್ತಿಯನ್ನು ಕೊಡುತ್ತದೆ. ಅಲ್ಲಿಂದ ಹೊರಬಿದ್ದ, ಒತ್ತಡ ಕುಗ್ಗಿದ ಉಗಿಯನ್ನು ವ್ಯರ್ಥಮಾಡದೆ ಕಬ್ಬಿನ ಹಾಲನ್ನು ಕಾಯಿಸಿ ಗಟ್ಟಿಮಾಡಲು ಬಳಸುತ್ತಾರೆ. ಒಂದೇ ಉರಿಯಿಂದ ಶಕ್ತಿಯನ್ನೂ ಶಾಖವನ್ನೂ ಪಡೆಯುವ ಈ ವಿಧಾನಕ್ಕೆ ಸಹವಿದ್ಯುದುತ್ಪಾದನೆ ಎಂದು ಹೆಸರು. ಕಾರ್ಖಾನೆಯ ಖರ್ಚಿಗಿಂತ ಹೆಚ್ಚಾದ ವಿದ್ಯುತ್ತನ್ನು ಸಾರ್ವಜನಿಕ ಜಾಲಕ್ಕೆ ಮಾರಬಹುದು. ಕಾರ್ಖಾನೆಗಳು ಹೊಸ ಬಾಯ್ಲರುಗಳಿಗೆ ಹಣ ಸುರಿಯಲು ಇದೇ ಮುಖ್ಯ ಕಾರಣ.

ಒತ್ತಡವನ್ನು ಏಕೆ ಏರಿಸಿದರು?

ಹಳೆಯ ಸಕ್ಕರೆ ಕಾರ್ಖಾನೆಗಳಲ್ಲಿ ಉಗಿಯ ಒತ್ತಡ ಒಂದು ಚದರ ಸೆಂಟಿಮೀಟರಿಗೆ ಸುಮಾರು 21 ಕಿಲೋಗ್ರಾಂ, ಉಷ್ಣತೆ 340 ಡಿಗ್ರಿ ಸೆಲ್ಸಿಯಸ್ ಇರುತ್ತಿತ್ತು. ಬಳಿಕ 45, 67, 87 ಎಂದು ಒತ್ತಡ ಏರುತ್ತ ಬಂದು, ಈಗಿನ ಕೆಲವು ಸ್ಥಾವರಗಳಲ್ಲಿ 110 ಕಿಲೋಗ್ರಾಂ ಒತ್ತಡ, 540 ಡಿಗ್ರಿ ಉಷ್ಣತೆಗಳನ್ನು ಬಳಸುತ್ತಾರೆ.

ಇದರಿಂದ ಏನು ಲಾಭ? ಕಾರ್ನೋ ಎಂಬ ಫ್ರೆಂಚ್ ಇಂಜಿನಿಯರು 1824ರಲ್ಲಿ ತೋರಿಸಿಕೊಟ್ಟ ತತ್ತ್ವವನ್ನು ವಿದ್ಯಾರ್ಥಿಗಳು ಇಲ್ಲಿ ನೆನೆಯಬೇಕು. ಉಷ್ಣಯಂತ್ರವೊಂದರ ದಕ್ಷತೆಗೆ ಒಂದು ಮೇಲ್ಮಿತಿ ಉಂಟು. ಅದನ್ನು ನಿಶ್ಚಯಿಸುವುವು ಉಷ್ಣವನ್ನು ಪಡೆಯುವ ಮತ್ತು ಬಿಡುವ ನಿರಪೇಕ್ಷ ಉಷ್ಣತೆಗಳು. ಟರ್ಬೈನಿನಿಂದ ಹೊರಬರುವ ಉಗಿ 127 ಡಿಗ್ರಿ ಸೆಲ್ಸಿಯಸ್, ಎಂದರೆ 400 ಕೆಲ್ವಿನ್ ಇರಲಿ. ಒಳಹೋಗುವ ಉಗಿ 340 ಡಿಗ್ರಿ, ಎಂದರೆ 613 ಕೆಲ್ವಿನ್ ಆದರೆ ಮೇಲ್ಮಿತಿ 1 − (400 ÷ 613), ಅಂದರೆ ಶೇಕಡ 35. ಒಳಹೋಗುವ ಉಗಿ 540 ಡಿಗ್ರಿ, ಎಂದರೆ 813 ಕೆಲ್ವಿನ್ ಆದರೆ ಅದು 1 − (400 ÷ 813), ಅಂದರೆ ಶೇಕಡ 51. ನಿಜವಾದ ಯಂತ್ರದಲ್ಲಿ ನೀರು ಉಷ್ಣವನ್ನೆಲ್ಲ ಅತ್ಯುಚ್ಚ ಉಷ್ಣತೆಯಲ್ಲಿಯೇ ಪಡೆಯುವುದಿಲ್ಲ. ಘರ್ಷಣೆಯೇ ಮೊದಲಾದ ನಷ್ಟಗಳೂ ಇವೆ. ಆದುದರಿಂದ ದೊರೆಯುವ ದಕ್ಷತೆ ಇದಕ್ಕಿಂತ ಎಷ್ಟೋ ಕಡಿಮೆ. ಆದರೂ ದಿಕ್ಕು ಸ್ಪಷ್ಟವಾಗಿದೆ: ಅದೇ ಸಿಪ್ಪೆಯಿಂದ ಹೆಚ್ಚು ವಿದ್ಯುತ್ತು ಬೇಕಾದರೆ ಉಗಿ ಹೆಚ್ಚು ಬಿಸಿಯಾಗಬೇಕು, ಒತ್ತಡ ಏರಬೇಕು.

ಒತ್ತಡ ಏರಿದೊಡನೆ ಕೆಲಸಗಾರನ ಲೋಕವೇ ಬದಲಾಗುತ್ತದೆ. ಹಳೆಯ ಬಾಯ್ಲರಿಗೆ ಸಾಧಾರಣವಾಗಿ ಮೆದುಗೊಳಿಸಿದ ನೀರು ಸಾಕಾಗುತ್ತಿತ್ತು. ಹೊಸದಕ್ಕೆ ಲವಣಗಳನ್ನು ಪೂರ್ತಿಯಾಗಿ ತೆಗೆದ ನೀರೇ ಬೇಕು. ಏಕೆಂದರೆ ಹೆಚ್ಚಿನ ಒತ್ತಡದಲ್ಲಿ ನೀರಿನೊಳಗಿನ ಸಿಲಿಕ ಉಗಿಯೊಡನೆ ಹೊರಟು, ಟರ್ಬೈನಿನ ಅಲಗುಗಳ ಮೇಲೆ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಕೊಳವೆಗಳ ಲೋಹ ಬೇರೆ, ಬೆಸುಗೆ ಬೇರೆ, ಅಳತೆಯ ಉಪಕರಣಗಳು ಬೇರೆ. ಎಲ್ಲಕ್ಕಿಂತ ಮಿಗಿಲಾಗಿ, ತಪ್ಪನ್ನು ತಿದ್ದಿಕೊಳ್ಳಲು ದೊರೆಯುವ ಕಾಲ ಬಹಳ ಕಡಿಮೆ.

ಹುಸಿ ಉಬ್ಬರ

ಈಗ ನಮ್ಮ ಮಿತ್ರರ ಪ್ರಶ್ನೆಗೆ ಬರೋಣ. ಬಾಯ್ಲರಿನ ಮೇಲ್ಭಾಗದಲ್ಲಿ ಡ್ರಮ್ ಎಂಬ ದಪ್ಪನೆಯ ಉಕ್ಕಿನ ಪಾತ್ರೆಯಿದೆ. ಅದರ ಕೆಳಗಿನ ಅರ್ಧದಲ್ಲಿ ಕುದಿಯುವ ನೀರು, ಮೇಲಿನ ಅರ್ಧದಲ್ಲಿ ಉಗಿ. ನೀರು ಎಷ್ಟು ಡಿಗ್ರಿಯಲ್ಲಿ ಕುದಿಯಬೇಕೆಂಬುದನ್ನು ಒತ್ತಡವು ನಿರ್ಣಯಿಸುತ್ತದೆ. ವಾತಾವರಣದ ಒತ್ತಡದಲ್ಲಿ 100 ಡಿಗ್ರಿ. 21 ಕಿಲೋ ಒತ್ತಡದಲ್ಲಿ ಸುಮಾರು 217 ಡಿಗ್ರಿ. 87 ಕಿಲೋ ಒತ್ತಡದಲ್ಲಿ ಸುಮಾರು 300 ಡಿಗ್ರಿ.

ಕಾರ್ಖಾನೆಯಲ್ಲಿ ಒಮ್ಮೆಲೆ ಹೆಚ್ಚು ಉಗಿ ಬೇಕಾಯಿತೆನ್ನಿ. ಉಗಿ ವೇಗವಾಗಿ ಹೊರಗೆ ಹರಿಯುತ್ತದೆ. ಡ್ರಮ್ಮಿನಲ್ಲಿ ಒತ್ತಡ ಕೊಂಚ ಇಳಿಯುತ್ತದೆ. ಒತ್ತಡ ಇಳಿದುದರಿಂದ ಕುದಿಬಿಂದುವೂ ಇಳಿಯಿತು. ಆದರೆ ನೀರು ಇನ್ನೂ ಮೊದಲಿನ ಉಷ್ಣತೆಯಲ್ಲಿಯೇ ಇದೆ. ಈ ಹೆಚ್ಚುವರಿ ಉಷ್ಣದಿಂದ ನೀರಿನ ಒಡಲಿನ ತುಂಬೆಲ್ಲ ಏಕಕಾಲದಲ್ಲಿ ಗುಳ್ಳೆಗಳೇಳುತ್ತವೆ. ಮೊದಲೇ ಇದ್ದ ಗುಳ್ಳೆಗಳು ಹಿಗ್ಗುತ್ತವೆ. 21 ಕಿಲೋ ಒತ್ತಡದಲ್ಲಿಯೂ ಒಂದು ಗ್ರಾಂ ಉಗಿಯು ಅಷ್ಟೇ ತೂಕದ ನೀರಿಗಿಂತ ಸುಮಾರು 75 ಪಟ್ಟು ಸ್ಥಳವನ್ನು ಆಕ್ರಮಿಸುತ್ತದೆ. ಹಾಲು ಉಕ್ಕಿದಂತೆ ನೀರು ಉಬ್ಬುತ್ತದೆ. ಮಟ್ಟ ಮೇಲೇರಿದಂತೆ ಕಾಣುತ್ತದೆ. ಉಕ್ಕಿದ ಹಾಲು ಹೆಚ್ಚಾದ ಹಾಲಲ್ಲ. ಅಂತೆಯೇ ಇಲ್ಲಿಯೂ ನೀರಿನ ತೂಕ ಹೆಚ್ಚಿಲ್ಲ. ಉಗಿಯಾಗಿ ಹೊರಟುಹೋಗುತ್ತಿರುವುದರಿಂದ ಕ್ಷಣಕ್ಷಣಕ್ಕೂ ಕಡಿಮೆಯಾಗುತ್ತಿದೆ!

ಈ ಹುಸಿ ಉಬ್ಬರವನ್ನು ನಂಬಿ ಕೆಲಸಗಾರನು ನೀರನ್ನು ತಗ್ಗಿಸಿದನೆನ್ನಿ. ಸ್ವಲ್ಪ ಹೊತ್ತಿನಲ್ಲಿ ಒತ್ತಡ ಸ್ಥಿಮಿತಕ್ಕೆ ಬಂದು ಗುಳ್ಳೆಗಳು ಅಡಗುತ್ತವೆ. ಮಟ್ಟ ದಿಢೀರನೆ ಕುಸಿಯುತ್ತದೆ. ನೀರಿಲ್ಲದ ಕೊಳವೆಗಳು ಕುಲುಮೆಯ ಉರಿಯಲ್ಲಿ ಮಿತಿಮೀರಿ ಕಾದು ಬಿರಿಯಬಹುದು. ಹಳೆಯ ಬಾಯ್ಲರಿನಲ್ಲಿಯೂ ಈ ಉಬ್ಬರವಿತ್ತು. ಆದರೆ ಅಲ್ಲಿ ಉಗಿಯ ಉತ್ಪಾದನೆಗೆ ಹೋಲಿಸಿದರೆ ನೀರಿನ ಸಂಗ್ರಹ ದೊಡ್ಡದಾಗಿತ್ತು; ತಪ್ಪಿದರೂ ತಿದ್ದಿಕೊಳ್ಳಲು ಅವಕಾಶವಿತ್ತು. ಹೊಸ ಬಾಯ್ಲರಿನಲ್ಲಿ ಆ ಅವಕಾಶ ಕಿರಿದು. ಆದುದರಿಂದ ಅದರ ನಿಯಂತ್ರಕವು ಮಟ್ಟವೊಂದನ್ನೇ ನೋಡುವುದಿಲ್ಲ. ಹೊರಹೋಗುವ ಉಗಿ, ಒಳಬರುವ ನೀರು, ಡ್ರಮ್ಮಿನ ಮಟ್ಟ ಈ ಮೂರನ್ನೂ ಒಟ್ಟಿಗೆ ಲೆಕ್ಕಹಾಕುತ್ತದೆ. ಉಗಿ ಹೆಚ್ಚು ಹೊರಟಿತೆಂದರೆ, ಮಟ್ಟ ಏರಿದಂತೆ ಕಂಡರೂ, ನೀರನ್ನು ಹೆಚ್ಚಿಸುತ್ತದೆ.

ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ನಮ್ಮ ಮಿತ್ರರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ಹಾಗಾದರೆ ಯಂತ್ರವೂ ತಪ್ಪಲ್ಲ, ನಾನೂ ತಪ್ಪಲ್ಲ, ಕಾರಣವನ್ನು ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ” ಎಂದರು.

ಕೈಯ ಕಲಿಕೆ, ಕಾರಣದ ಕಲಿಕೆ

ಈ ಮಾತಿನಲ್ಲಿ ನಮ್ಮ ಪಾಠದ ಸಾರವಿದೆ. ತಂತ್ರಜ್ಞನ ವಿದ್ಯೆಯಲ್ಲಿ ಎರಡು ಭಾಗಗಳುಂಟು. ಒಂದು ಕೈಯ ಕಲಿಕೆ: ಯಾವ ಕವಾಟವನ್ನು ಎಷ್ಟು ತಿರುಗಿಸಬೇಕು, ಯಾವ ಸದ್ದಿಗೆ ಎಚ್ಚರಗೊಳ್ಳಬೇಕು ಎಂಬುದು. ಇದು ಅಮೂಲ್ಯವಾದುದು, ಪುಸ್ತಕದಿಂದ ದೊರೆಯುವಂಥದಲ್ಲ. ಆದರೆ ಯಂತ್ರ ಬದಲಾದರೆ ಅದರ ಬಹುಭಾಗ ಹಳತಾಗುತ್ತದೆ. ಇನ್ನೊಂದು ಕಾರಣದ ಕಲಿಕೆ: ಹೀಗೇಕೆ ಆಗುತ್ತದೆ ಎಂಬುದು. ಒತ್ತಡ ಇಳಿದರೆ ಕುದಿಬಿಂದು ಇಳಿಯುತ್ತದೆಂಬ ನಿಯಮ 21 ಕಿಲೋ ಒತ್ತಡದಲ್ಲಿಯೂ ಒಂದೇ, 110ರಲ್ಲಿಯೂ ಒಂದೇ. ಕೈಯ ಕಲಿಕೆ ಒಂದು ಯಂತ್ರಕ್ಕೆ ಸೇರಿದ್ದು. ಕಾರಣದ ಕಲಿಕೆ ಮನುಷ್ಯನಿಗೆ ಸೇರಿದ್ದು. ಅವನು ಹೋದೆಡೆಗೆ ಅದೂ ಹೋಗುತ್ತದೆ.

ಸಕ್ಕರೆ ಬೇಯಿಸುವ ಮನೆಯಲ್ಲಿಯೂ ಇದನ್ನೇ ಕಾಣಬಹುದು. ನಮ್ಮ ಹಳ್ಳಿಯ ಗಾಣದ ಮನೆಗಳಲ್ಲಿ ಅನುಭವಿಗಳು ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಹಿಡಿದು ಬೆಲ್ಲದ ಹದ ಹೇಳುತ್ತಾರೆ. ಆ ಕ್ಷಣದಲ್ಲಿ ಉಷ್ಣತಾಮಾಪಕವನ್ನು ಇಟ್ಟು ನೋಡಿದರೆ ಸುಮಾರು 118 ಡಿಗ್ರಿ ಇರುತ್ತದೆ. ಕಾರ್ಖಾನೆಯಲ್ಲಿ ಸಕ್ಕರೆಯ ಪಾಕವನ್ನು ಗಾಳಿ ತೆಗೆದ ಮುಚ್ಚಿದ ಪಾತ್ರೆಗಳಲ್ಲಿ ಕುದಿಸುತ್ತಾರೆ. ಒತ್ತಡ ಕಡಿಮೆಯಿರುವುದರಿಂದ ಅದು 60–65 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ, ಸಕ್ಕರೆ ಸೀಯುವುದಿಲ್ಲ. ಅಲ್ಲಿನ ಕುಶಲಕರ್ಮಿ ಗಾಜಿನ ಮೇಲೆ ಒಂದು ಹನಿಯನ್ನು ಹಚ್ಚಿ ಹರಳುಗಳ ಬೆಳವಣಿಗೆಯನ್ನು ನೋಡುತ್ತಾನೆ. ಈಗ ಅದೇ ಹದವನ್ನು ಅಳೆಯುವ ಉಪಕರಣಗಳು ಬಂದಿವೆ. ಹದವೆಂದರೆ ಅತಿಸಂತೃಪ್ತ ದ್ರಾವಣದ ಒಂದು ಸ್ಥಿತಿಯೆಂದು ತಿಳಿದವನಿಗೆ ಉಪಕರಣವು ಸಹಾಯಕ. ತಿಳಿಯದವನಿಗೆ ಅದು ಪ್ರತಿಸ್ಪರ್ಧಿ.

ಉಗಿಯಂತ್ರದ ಚರಿತ್ರೆಯೇ ಇದಕ್ಕೆ ದೊಡ್ಡ ನಿದರ್ಶನ. ಜೇಮ್ಸ್ ವಾಟ್ (1736–1819) ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಉಪಕರಣಗಳನ್ನು ದುರಸ್ತಿ ಮಾಡುತ್ತಿದ್ದ ಕುಶಲಕರ್ಮಿ. 1763–64ರಲ್ಲಿ ನ್ಯೂಕಾಮನ್ ಯಂತ್ರದ ಮಾದರಿಯೊಂದು ದುರಸ್ತಿಗಾಗಿ ಅವನ ಕೈಗೆ ಬಂದಿತು. ಅದು ಕೆಲವೇ ಏಟುಗಳಲ್ಲಿ ಉಗಿ ಸಾಲದೆ ನಿಂತುಬಿಡುತ್ತಿತ್ತು. ದುರಸ್ತಿಮಾಡಿ ಕೂಲಿ ಪಡೆದು ವಾಟನು ಸುಮ್ಮನಿರಬಹುದಾಗಿತ್ತು. ಅವನು ಇಷ್ಟು ಉಗಿ ಎಲ್ಲಿ ಹೋಗುತ್ತಿದೆಯೆಂದು ಕೇಳಿಕೊಂಡ, ಅಳೆದು ನೋಡಿದ; ಗುಪ್ತೋಷ್ಣವನ್ನು ಕಂಡುಹಿಡಿದಿದ್ದ ಜೋಸೆಫ್ ಬ್ಲ್ಯಾಕರೊಡನೆ ಚರ್ಚಿಸಿದ. ಸಿಲಿಂಡರನ್ನು ಪ್ರತಿ ಏಟಿಗೂ ಕಾಯಿಸಿ ತಣಿಸುವುದರಲ್ಲಿಯೇ ಉಗಿ ನಷ್ಟವಾಗುತ್ತಿತ್ತು. ಉಗಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸುವ ಉಪಾಯ 1765ರಲ್ಲಿ ಅವನಿಗೆ ಹೊಳೆಯಿತು. 1769ರಲ್ಲಿ ಅದರ ಹಕ್ಕುಪತ್ರ ದೊರೆಯಿತು. ಯಂತ್ರದ ವೇಗವನ್ನು ತಾನಾಗಿ ನಿಯಂತ್ರಿಸುವ ಗವರ್ನರನ್ನು ಅವನು 1788ರಲ್ಲಿ ಉಗಿಯಂತ್ರಕ್ಕೆ ಅಳವಡಿಸಿದ. ನಮ್ಮ ಕಾರ್ಖಾನೆಗಳ ಕಂಪ್ಯೂಟರ್ ಕೋಣೆಯಲ್ಲಿರುವ ನಿಯಂತ್ರಕಗಳು ಆ ಗವರ್ನರಿನ ವಂಶದವುಗಳೇ.

ನಮ್ಮ ನೆರೆಯ ನಿದರ್ಶನ

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರರು (1869–1956) ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿಯಲೆಂದು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ತಮ್ಮ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯದೆಂದು ಗೊತ್ತಾದಾಗ ಬಣ್ಣವನ್ನು ಬಿಟ್ಟು ಯಂತ್ರಗಳ ರೇಖಾಚಿತ್ರಣವನ್ನು ಕಲಿತರು. ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು. ನಿರೀಕ್ಷಿಸಿದ್ದ ಬಡ್ತಿ ಅಲ್ಲಿ ತಪ್ಪಿತು. ಕೆಲಸ ಬಿಟ್ಟು ಬೆಳಗಾವಿಗೆ ಬಂದು ಸೈಕಲ್ಲಿನ ವ್ಯಾಪಾರದಲ್ಲಿ ತೊಡಗಿದರು. ಬಳಿಕ ಮೇವು ಕತ್ತರಿಸುವ ಯಂತ್ರಗಳನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಬ್ಬಿಣ ತಗುಲಿದರೆ ನೆಲ ಕೆಡುತ್ತದೆಂದು ರೈತರು ಅಂಜಿದ್ದರಿಂದ ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಬೆಳಗಾವಿಯಲ್ಲಿದ್ದ ಜಾಗವನ್ನು ತೆರವು ಮಾಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ಅರಸರು ಕುಂಡಲ ರೋಡ್ ರೈಲುನಿಲ್ದಾಣದ ಬಳಿ ಭೂಮಿಯನ್ನು ಕೊಟ್ಟರು. 1910ರಲ್ಲಿ ಅಲ್ಲಿ ತಲೆಯೆತ್ತಿದ ಊರೇ ಕಿರ್ಲೋಸ್ಕರವಾಡಿ. ಕಾಗವಾಡದಿಂದ ಮೀರಜಿಗೆ ಹೋಗಿ ಪುಣೆಯ ರೈಲು ಹತ್ತಿದರೆ ದಾರಿಯಲ್ಲಿ ಅದು ಸಿಗುತ್ತದೆ.

ಆ ಊರಿನಲ್ಲಿ ಬೆಳೆದವರ ಕಥೆ ಇನ್ನೂ ಸ್ವಾರಸ್ಯವಾದುದು. ಶಾಲೆಯನ್ನು ಅರ್ಧಕ್ಕೆ ಬಿಟ್ಟಿದ್ದ ಅನಂತರಾವ್ ಫಳಣೀಕರರು ಅಲ್ಲಿ ಕಲ್ಪನಾಶಕ್ತಿಯುಳ್ಳ ಇಂಜಿನಿಯರರೆನಿಸಿದರು. ಶಂಭುರಾವ್ ಜಾಂಭೇಕರರು ಯಂತ್ರಗಳ ಕಠಿನ ಸಮಸ್ಯೆಗಳನ್ನು ಬಿಡಿಸುವುದರಲ್ಲಿ ಹೆಸರಾದರು. ಪದವಿಗಿಂತ ಪ್ರಶ್ನೆ ಕೇಳುವ ಬುದ್ಧಿಗೆ ಅಲ್ಲಿ ಬೆಲೆಯಿತ್ತು. ಆದರೆ ಇದನ್ನು ಓದಿ ಪದವಿ ಪರೀಕ್ಷೆಗಳು ಬೇಡವೆಂದು ತಿಳಿಯಬಾರದು. ಇಂದಿನ ಕಾರ್ಖಾನೆಯಲ್ಲಿ ಮೇಲಿನ ಜವಾಬ್ದಾರಿಗಳಿಗೆ ನಿಯಮಬದ್ಧ ಅರ್ಹತೆಗಳು ಬೇಕಾಗುತ್ತವೆ. ಅವುಗಳನ್ನು ಈಗ ನೋಡೋಣ.

ಏಳಿಗೆಯ ಮೆಟ್ಟಿಲುಗಳು

ಎಸ್.ಎಸ್.ಎಲ್.ಸಿ. ಮುಗಿಸಿದವರಿಗೆ ಮೊದಲ ಮೆಟ್ಟಿಲು ಐ.ಟಿ.ಐ. ಫಿಟ್ಟರ್, ಎಲೆಕ್ಟ್ರಿಷಿಯನ್, ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಮೊದಲಾದ ಕಸುಬುಗಳನ್ನು ಅಲ್ಲಿ ಎರಡು ವರ್ಷ ಕಲಿಯಬಹುದು. ಬಳಿಕ 1961ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಕಾರ್ಖಾನೆಗಳಲ್ಲಿ ವೇತನಸಹಿತ ತರಬೇತಿಗೆ ಅವಕಾಶವುಂಟು. ಹಲವರು ಇದನ್ನು ಕಡಿಮೆ ಸಂಬಳದ ಕೆಲಸವೆಂದು ತಿಳಿದು ಬಿಟ್ಟುಬಿಡುತ್ತಾರೆ. ಇದು ಕೆಲಸವಲ್ಲ, ಪಾಠ. ಕೇಳುವ ಹಕ್ಕು ಹೆಚ್ಚು, ತಪ್ಪಿನ ಹೊಣೆ ಕಡಿಮೆ ಇರುವ ಕಾಲ.

ಬಾಯ್ಲರ್ ಮನೆಯಲ್ಲಿ ಏರುವವರಿಗೆ ಪ್ರತ್ಯೇಕ ಪರೀಕ್ಷೆಗಳಿವೆ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರೊಂದು ಸಿಡಿದು ಹಲವರು ಸತ್ತರು. ಮರುವರ್ಷವೇ ಬಂಗಾಳದಲ್ಲಿ ಬಾಯ್ಲರುಗಳ ತನಿಖೆಗೆ ಕಾನೂನು ಬಂದಿತು. 1923ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಬಾಯ್ಲರ್ ಕಾಯಿದೆಯಾಯಿತು. 2025ರಲ್ಲಿ ಅದರ ಸ್ಥಾನದಲ್ಲಿ ಹೊಸ ಕಾಯಿದೆ ಜಾರಿಗೆ ಬಂದಿದೆ. ಅರ್ಹತಾಪತ್ರ ಪಡೆದವರ ವಶದಲ್ಲಿಯೇ ಬಾಯ್ಲರ್ ಇರಬೇಕೆಂಬುದು ಈ ಕಾನೂನುಗಳ ಒಂದು ಮುಖ್ಯ ನಿಬಂಧನೆ. ಎರಡನೆಯ ದರ್ಜೆಯ ಬಾಯ್ಲರ್ ಅಟೆಂಡೆಂಟ್, ಒಂದನೆಯ ದರ್ಜೆಯ ಬಾಯ್ಲರ್ ಅಟೆಂಡೆಂಟ್, ಅದರ ಮೇಲೆ ಇಂಜಿನಿಯರಿಂಗ್ ಓದಿದವರಿಗಾಗಿ ಬಾಯ್ಲರ್ ಆಪರೇಷನ್ ಇಂಜಿನಿಯರ್ ಎಂದು ಮೂರು ಮೆಟ್ಟಿಲುಗಳಿವೆ. ಪರೀಕ್ಷೆಗೆ ಕೂರಲು ನಿಗದಿಯಾದ ಅನುಭವ ಬೇಕು. ಆದುದರಿಂದ ದುಡಿದ ದಿನಗಳ ದಾಖಲೆಯನ್ನು ಮೊದಲಿನಿಂದಲೂ ಜೋಪಾನವಾಗಿಟ್ಟುಕೊಳ್ಳತಕ್ಕದ್ದು.

ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಮುಗಿಸಿದವರು ಪ್ರವೇಶಪರೀಕ್ಷೆಯ ಮೂಲಕ ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೂ ಸೇರಲು ಕರ್ನಾಟಕದಲ್ಲಿ ಅವಕಾಶವಿದೆ. ಚಿಕ್ಕೋಡಿಯಲ್ಲಿಯೂ ನಿಪ್ಪಾಣಿಯಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳಿವೆ. 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಬೆಳಗಾವಿಯಲ್ಲಿಯೇ ಇದೆ.

ಬಿ.ಎಸ್‌ಸಿ. ಓದುವವರಿಗೆ ದಾರಿ ಮುಚ್ಚಿದೆಯೆಂದು ತಿಳಿಯಬೇಕಾದುದಿಲ್ಲ. ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ರಸಾಯನಜ್ಞರಾಗಿ ಸೇರಿ, ಸಕ್ಕರೆ ತಯಾರಿಕೆಯ ಮುಖ್ಯಸ್ಥರ ಸ್ಥಾನದವರೆಗೆ ಏರಿದವರುಂಟು. 1936ರಲ್ಲಿ ಆರಂಭವಾದ ಕಾನ್ಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆ ಸಕ್ಕರೆ ತಂತ್ರಜ್ಞಾನದಲ್ಲಿಯೂ ಸಕ್ಕರೆ ಇಂಜಿನಿಯರಿಂಗಿನಲ್ಲಿಯೂ ಉನ್ನತ ಶಿಕ್ಷಣ ಕೊಡುತ್ತದೆ. ಪುಣೆಯ ಬಳಿ ಮಾಂಜರಿಯಲ್ಲಿ 1975ರಲ್ಲಿ ಸ್ಥಾಪಿತವಾದ ವಸಂತದಾದಾ ಸಕ್ಕರೆ ಸಂಸ್ಥೆ, ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಗಳೂ ಇವೆ. ಕಾಕಂಬಿಯಿಂದಲೂ ಕಬ್ಬಿನ ಹಾಲಿನಿಂದಲೂ ಎಥನಾಲ್ ತಯಾರಿಸುವ ಕೆಲಸ ಬೆಳೆದಂತೆ ಹುದುಗುವಿಕೆ, ಬಟ್ಟಿಯಿಳಿಸುವಿಕೆ, ನೀರಿನ ಶುದ್ಧೀಕರಣ, ಉಪಕರಣಗಳ ನಿಯಂತ್ರಣ ಇವುಗಳನ್ನು ಬಲ್ಲವರಿಗೆ ಬೇಡಿಕೆಯುಂಟು. ಪ್ರಯೋಗಶಾಲೆ ಮತ್ತು ನಿಯಂತ್ರಣಕೋಣೆಗಳ ಕೆಲಸಕ್ಕೆ ಬೇಕಾದುದು ತೋಳಿನ ಬಲವಲ್ಲ, ಎಚ್ಚರ ಮತ್ತು ತಿಳಿವಳಿಕೆ. ನಮ್ಮ ವಿದ್ಯಾರ್ಥಿನಿಯರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಅರ್ಹತಾಪತ್ರ ಕೈಸೇರಿದೊಡನೆ ಬಡ್ತಿ ತಾನಾಗಿ ಬರುವುದಿಲ್ಲ. ಸ್ಥಾನಗಳು ಮಿತವಾಗಿವೆ, ಕಾರ್ಖಾನೆಯ ಕೆಲಸಗಳಲ್ಲಿ ಹಲವು ಹಂಗಾಮಿಗೆ ಮಾತ್ರ ಸೀಮಿತ, ಮಳೆ ತಪ್ಪಿದರೆ ಕಬ್ಬೂ ತಪ್ಪುತ್ತದೆ. ಅರ್ಹತಾಪತ್ರ ಮಾಡುವ ಉಪಕಾರವೆಂದರೆ, ಈ ಊರಿನಲ್ಲಿ ಬಾಗಿಲು ತೆರೆಯದಿದ್ದರೂ ಇನ್ನೊಂದು ಊರಿನ ಬಾಗಿಲನ್ನು ತಟ್ಟುವ ಧೈರ್ಯ ಕೊಡುವುದು. ಉಗಿಯನ್ನು ಬಲ್ಲವನಿಗೆ ಸಕ್ಕರೆಯಲ್ಲದೆ ಕಾಗದ, 
ಸಿಮೆಂಟು, ವಿದ್ಯುತ್‌ಸ್ಥಾವರಗಳಲ್ಲಿಯೂ ಕೆಲಸವಿದೆ.

ಹಂಗಾಮು ಮುಗಿದ ಮೇಲೆ

ಸಕ್ಕರೆ ಕಾರ್ಖಾನೆಗೆ ಬೇರೆ ಕಾರ್ಖಾನೆಗಳಿಗಿಲ್ಲದ ಒಂದು ಅನುಕೂಲವಿದೆ. ನುರಿಸುವ ಹಂಗಾಮು ಬೇಸಗೆಯ ಹೊತ್ತಿಗೆ ಮುಗಿಯುತ್ತದೆ. ಅನಂತರದ ತಿಂಗಳುಗಳಲ್ಲಿ ಯಂತ್ರಗಳನ್ನು ಬಿಚ್ಚಿ, ತೊಳೆದು, ಸವೆದ ಭಾಗಗಳನ್ನು ಬದಲಾಯಿಸುತ್ತಾರೆ. ಹಂಗಾಮಿನಲ್ಲಿ ಮುಚ್ಚಿದ ಪುಸ್ತಕದಂತಿದ್ದ ಯಂತ್ರ ಆಗ ತೆರೆದ ಪುಸ್ತಕವಾಗುತ್ತದೆ. ಡ್ರಮ್ಮಿನ ಒಳಗನ್ನು, ಟರ್ಬೈನಿನ ಅಲಗನ್ನು, ಕೊಳವೆಯೊಳಗಿನ ಗಾರೆಯನ್ನು ಕಣ್ಣಾರೆ ನೋಡುವ ಕಾಲ ಅದು. ತರುಣ ತಂತ್ರಜ್ಞನು ಈ ತಿಂಗಳುಗಳನ್ನು ವ್ಯರ್ಥಮಾಡಬಾರದು. ನಾವು ನಾಲ್ಕು ಅಭ್ಯಾಸಗಳನ್ನು ಸೂಚಿಸುತ್ತೇವೆ.

ಒಂದನೆಯದು, ಕಿಸೆಯಲ್ಲೊಂದು ಟಿಪ್ಪಣಿ ಪುಸ್ತಕ. ಆ ದಿನ ಏನು ಕೆಟ್ಟಿತು, ಹೇಗೆ ಸರಿಹೋಯಿತು, ಮಾಪಕಗಳು ಏನು ತೋರಿಸಿದವು ಎಂಬುದನ್ನು ದಿನಾಂಕಸಹಿತ ಬರೆಯಬೇಕು. ಎರಡನೆಯದು, ಪ್ರತಿಯೊಂದು ಸಂಗತಿಯ ಮುಂದೆ ಒಂದು “ಏಕೆ” ಬರೆಯುವುದು. ಉತ್ತರ ಸಿಗದಿದ್ದರೆ ಮೇಲಿನವರನ್ನು ಕೇಳಬೇಕು. ಅಲ್ಲಿಯೂ ಸಿಗದಿದ್ದರೆ ಹೈಸ್ಕೂಲಿನ ವಿಜ್ಞಾನದ ಪುಸ್ತಕವನ್ನು ತೆರೆಯಬೇಕು. ಅನೇಕ ಉತ್ತರಗಳು ಅಲ್ಲಿಯೇ ಇರುತ್ತವೆ. ಮೂರನೆಯದು, ಪಕ್ಕದ ವಿಭಾಗವನ್ನು ಅರಿಯುವುದು. ಬಾಯ್ಲರಿನವನಿಗೆ ಬೇಯಿಸುವ ಮನೆಯ ಉಗಿಯ ಬೇಡಿಕೆ ತಿಳಿದಿದ್ದರೆ ಹುಸಿ ಉಬ್ಬರ ಯಾವಾಗ ಬರುವುದೆಂಬುದನ್ನು ಮುಂಚಿತವಾಗಿಯೇ ಊಹಿಸಬಹುದು. ನಾಲ್ಕನೆಯದು, ಕಲಿತುದನ್ನು ಕಿರಿಯರಿಗೆ ಹೇಳಿಕೊಡುವುದು. ಹೇಳಿಕೊಡಲು ಹೊರಟಾಗ ನಮಗೆ ಏನು ತಿಳಿಯದೆಂಬುದು ನಮಗೇ ಗೊತ್ತಾಗುತ್ತದೆ. ಅಧ್ಯಾಪಕರಾದ ನಮ್ಮ ಅನುಭವವೂ ಇದೇ.

ನಮ್ಮ ಮಿತ್ರರು ಎರಡು ವರ್ಷ ಹೀಗೆ ನಡೆದರು. ಭಾನುವಾರ ಬಂದು ನಮ್ಮಲ್ಲಿ ಕುದಿಬಿಂದು, ಗುಪ್ತೋಷ್ಣ, ಒತ್ತಡಗಳ ಪಾಠ ಕೇಳುತ್ತಿದ್ದರು; ನಾವು ಅವರಿಂದ ಬಾಯ್ಲರಿನ ಪಾಠ ಕೇಳುತ್ತಿದ್ದೆವು. ಪಕ್ಕದಲ್ಲಿ ಕೂರುತ್ತಿದ್ದ ಡಿಪ್ಲೊಮಾ ಹುಡುಗನಿಗೆ ಅವರು ಉರಿಯ ಬಣ್ಣವನ್ನೂ ಪಂಪಿನ ಸದ್ದನ್ನೂ ಗುರುತಿಸುವುದನ್ನು ಕಲಿಸಿದರು. ಆತ ಅವರಿಗೆ ತೆರೆಯ ಮೇಲಿನ ರೇಖೆಗಳನ್ನು ಓದಲು ಕಲಿಸಿದ. ಅವರು ಒಂದನೆಯ ದರ್ಜೆಯ ಪರೀಕ್ಷೆಯಲ್ಲಿ ಮೊದಲ ಸಲ ತಪ್ಪಿದರು, ಎರಡನೆಯ ಸಲ ತೇರ್ಗಡೆಯಾದರು. ಮೌಖಿಕ ಪರೀಕ್ಷೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಒಂದು ಡ್ರಮ್ಮಿನ ನೀರು ಸುಳ್ಳಾಗಿ ಏರುವ ವಿಷಯವಾಗಿತ್ತಂತೆ. ಈಗ ಅವರು ಒಂದು ಪಾಳಿಯ ಹೊಣೆ ಹೊತ್ತಿದ್ದಾರೆ. ಅವರೊಡನೆ ಹಳೆಯ ಬಾಯ್ಲರಿನಲ್ಲಿ ದುಡಿಯುತ್ತಿದ್ದ ಇನ್ನೊಬ್ಬರು, ಕೈಚಳಕದಲ್ಲಿ ಅವರಿಗಿಂತ ಮೇಲಾದವರು, ಹೊಸ ಯಂತ್ರ ತಮಗೆ ಒಗ್ಗದೆಂದು ಕೆಲಸ ಬಿಟ್ಟು ಹೋದರು. ಅವರಿಗೂ ಆ ಕಾರಣವನ್ನು ಯಾರಾದರೂ ಹೇಳಿದ್ದರೆ ಎಂದು ನಮಗೆ ಆಗಾಗ ಅನಿಸುವುದುಂಟು.

ಇಂದಿನ ನಿಯಂತ್ರಣಕೋಣೆಯೂ ಒಂದು ದಿನ ಹಳತಾಗುವುದು. ಆಗ ಅಲ್ಲಿ ಕುಳಿತಿರುವವರು ಇಂದು ಈ ಪುಟವನ್ನು ಓದುತ್ತಿರುವ ವಿದ್ಯಾರ್ಥಿಗಳೇ ಆಗಿರಬಹುದು. ಯಂತ್ರ ಬದಲಾದ ದಿನ ಅವರು ಅಂಜದಿರಬೇಕಾದರೆ “ಏಕೆ” ಎಂದು ಕೇಳುವ ಅಭ್ಯಾಸವನ್ನು ಈಗಲೇ, ತರಗತಿಯಲ್ಲಿಯೇ, ಆರಂಭಿಸಬೇಕು.

ವಿದ್ಯಾರ್ಥಿಗಳಿಗೆ ಪ್ರಶ್ನೆಗಳು

1. ಟರ್ಬೈನಿಗೆ ಒಳಹೋಗುವ ಉಗಿಯ ಉಷ್ಣತೆ 485 ಡಿಗ್ರಿ, ಹೊರಬರುವುದು 127 ಡಿಗ್ರಿ ಸೆಲ್ಸಿಯಸ್. ಕಾರ್ನೋ ನಿಯಮದ ಪ್ರಕಾರ ದಕ್ಷತೆಯ ಮೇಲ್ಮಿತಿ ಎಷ್ಟು? (ಉತ್ತರ: ಸುಮಾರು ಶೇಕಡ 47)

2. ಉಗಿಯ ಬೇಡಿಕೆ ಒಮ್ಮೆಲೆ ಕಡಿಮೆಯಾದರೆ ಡ್ರಮ್ಮಿನ ಒತ್ತಡ ಏನಾಗುತ್ತದೆ? ಗುಳ್ಳೆಗಳು ಏನಾಗುತ್ತವೆ? ನೀರಿನ ಮಟ್ಟ ಯಾವ ಕಡೆಗೆ ಸುಳ್ಳು ಹೇಳುತ್ತದೆ?

3. ಸಮೀಪದ ಕಾರ್ಖಾನೆಗೆ ಅಧ್ಯಾಪಕರೊಡನೆ ಭೇಟಿ ಕೊಟ್ಟು, ಅಲ್ಲಿನ ತಂತ್ರಜ್ಞರೊಬ್ಬರು ಯಾವ ಮೆಟ್ಟಿಲುಗಳನ್ನು ಹತ್ತಿ ಬಂದರೆಂಬುದನ್ನು ಕೇಳಿ ಬರೆಯಿರಿ.